ಊರಿನ ಅಡಿಕೆ ಬೆಳೆಗಾರರ ಸಂಘ ಬೇರೆಯವರ ಜತೆ ಸೇರಿದರೆ ಲಾಭ ಉಂಟಾ?

ನೀವು ಕೇಳಿದ್ದು ಇಷ್ಟು: ನಲವತ್ತು ಜನ ಅಡಿಕೆ ಬೆಳೆಗಾರರು ಸೇರಿ ಸಂಘ ಮಾಡಿದ್ದೀರಿ, ಎರಡೇ ವರ್ಷದಲ್ಲಿ ಮೀಟಿಂಗಿಗೆ ಬರುವವರು ಹತ್ತಕ್ಕೆ ಇಳಿದಿದ್ದಾರೆ, ಈಗ ಸಂಶೋಧನಾ ಕೇಂದ್ರ, ಸೊಸೈಟಿ, ಪಕ್ಕದ ಊರಿನ ಸಂಘ ಇವರ ಜತೆ ಸೇರಿದರೆ ಜೀವ ಬರುತ್ತದಾ, ಇಲ್ಲ ಸಂಘವೇ ಅವರ ಕೈಗೆ ಹೋಗಿಬಿಡುತ್ತದಾ ಅಂತ. ನಾನು ಸುಳ್ಯ ಕಡೆಯವನು. ಮೂರು ಎಕರೆ ಅಡಿಕೆ ಉಂಟು. ನಮ್ಮೂರ ಸಂಘದಲ್ಲಿ ಆರು ವರ್ಷ ಕಾರ್ಯದರ್ಶಿಯಾಗಿ ಎಲ್ಲರಿಂದ ಬೈಸಿಕೊಂಡಿದ್ದೇನೆ, ಆ ಅನುಭವದ ಮೇಲೆ ಹೇಳುತ್ತೇನೆ. ಸೇರಿ. ಆದರೆ ಒಂದು ಕೆಲಸ ಹಿಡಿದುಕೊಂಡು ಹೋಗಿ ಸೇರಿ.

ನಾವು ಮೊದಲು ಮಾಡಿದ ತಪ್ಪು ಅದೇ. ದೊಡ್ಡ ಬ್ಯಾನರ್, ನಾಲ್ಕು ಸಂಸ್ಥೆಗಳ ಹೆಸರು, ವೇದಿಕೆ ಮೇಲೆ ಎಂಟು ಜನ, ಭಾಷಣ, ಊಟ. ಮರುದಿನ ಯಾರಿಗೂ ಏನೂ ಮಾಡಲಿಕ್ಕಿರಲಿಲ್ಲ. ಆ ವರ್ಷ ಮಳೆ ಬಿಡದೆ ಸುರಿದು, ಕಾಯಿ ಕೊಳೆತು ಉದುರುವ ಕೊಳೆರೋಗ ಬಂತು. ನಾನು ಹೊತ್ತಿಗೆ ಸರಿಯಾಗಿ ಮದ್ದು ಸಿಂಪಡಿಸಿದ್ದೆ, ಆಚೆ ಮನೆಯವರಿಗೆ ಮರ ಹತ್ತುವವರು ಸಿಗಲಿಲ್ಲ. ಕೊಳೆಗೆ ಬೇಲಿ ಗೊತ್ತಾಗುತ್ತದಾ ಮಾರಾಯ್ರೆ? ಗಡಿಯ ಎರಡು ಸಾಲು ನನ್ನದೂ ಉದುರಿತು.

ಆಗ ನಾವು ಸಂಘದ ನೂರೆಂಟು ಯೋಜನೆ ಬದಿಗಿಟ್ಟು, ಒಂದಕ್ಕೊಂದು ತಾಗಿಕೊಂಡಿರುವ ಹದಿನಾಲ್ಕು ತೋಟಗಳನ್ನು ಮಾತ್ರ ಸೇರಿಸಿಕೊಂಡೆವು. ಮೇ ಕೊನೆಗೆ, ಮಳೆ ಹಿಡಿಯುವ ಮೊದಲು ಎಲ್ಲರೂ ಮೊದಲ ಸಲ ಮದ್ದು ಬಿಡಬೇಕು, ನಲವತ್ತು–ನಲವತ್ತೈದು ದಿನಕ್ಕೆ ಎರಡನೆಯದು, ಇಷ್ಟೇ ಒಪ್ಪಂದ. ನೆಲದಲ್ಲೇ ನಿಂತು ಮದ್ದು ಬಿಡುವ ಕಾರ್ಬನ್ ಫೈಬರ್ ದೋಟಿ ಒಬ್ಬರಿಗೆ ಕೊಳ್ಳಲು ಭಾರ, ಹದಿನಾಲ್ಕು ಜನ ಹಂಚಿಕೊಂಡರೆ ಭಾರ ಅಲ್ಲ. ವಿಟ್ಲದ ಸಿಪಿಸಿಆರ್‌ಐ (ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ) ಕೇಂದ್ರಕ್ಕೆ ಹೋಗಿ, ಭಾಷಣ ಬೇಡ, ಕೊಳೆಗೆ ಬಿಡುವ ಬೋರ್ಡೋ ಮದ್ದು ಮಾಡುವುದನ್ನು ನಮ್ಮ ಅಂಗಳದಲ್ಲೇ ನೋಡಿ ಹೇಳಿ ಅಂತ ಕೇಳಿದೆವು. ಬಂದವರು ನಾವು ಮಾಡಿಟ್ಟ ಮದ್ದಿಗೆ ಫಳಫಳ ಹೊಳೆಯುವ ಚಾಕು ಅದ್ದಿ ತೆಗೆದರು. ಚಾಕುವಿನ ಮೇಲೆ ತಾಮ್ರದ ಕೆಂಪು ಕೂತಿತ್ತು. ಅಂದರೆ ಸುಣ್ಣ ಸಾಲದು. ಒಂದು ಕೆಜಿ ಮೈಲುತುತ್ತು (ತಾಮ್ರದ ಸಲ್ಫೇಟ್), ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು ಅನ್ನುವ ಲೆಕ್ಕ ನಮಗೆ ಬಾಯಿಪಾಠ ಇತ್ತು, ಆದರೆ ಸುಣ್ಣ ಹಳೆಯದಾಗಿ ಸತ್ವ ಕಳೆದುಕೊಂಡಿದ್ದನ್ನು ಅರ್ಧ ಊರೇ ಎಷ್ಟೋ ವರ್ಷದಿಂದ ಬಳಸುತ್ತಿತ್ತು. ಆ ಒಂದು ಬೆಳಗ್ಗೆ ಕಲಿತದ್ದು ಹತ್ತು ಸೆಮಿನಾರಿನಲ್ಲಿ ಕಲಿತಿರಲಿಲ್ಲ.

ಸಂಶೋಧನಾ ಕೇಂದ್ರದವರಿಗೇನು ಸಿಕ್ಕಿತು ಅಂತಲೂ ನೋಡಬೇಕು, ಇದು ಮುಖ್ಯ. ನಮ್ಮ ಕಡೆ ಹಳದಿ ಎಲೆ ರೋಗ ಗೊತ್ತಲ್ಲ, ಸಂಪಾಜೆ, ಅರಂತೋಡು ಕಡೆ ತೋಟಕ್ಕೆ ತೋಟವೇ ಹೋಗಿದೆ. ಹಾಗೆ ಹೋದ ತೋಟದ ನಡುವೆ ಹಸಿರಾಗೇ ನಿಂತ ಮರ ಯಾವುದು ಅನ್ನುವುದು ದಿನಾ ತೋಟಕ್ಕೆ ಹೋಗುವವನಿಗೆ ಮೊದಲು ಕಾಣುತ್ತದೆ. ರೋಗ ತಡೆಯುವ ತಳಿ ಹುಡುಕುವವರಿಗೆ ಅಂಥ ಮರ ಬೇಕು. ಕೊಡಲಿಕ್ಕೆ ನಮ್ಮ ಹತ್ತಿರವೂ ಏನೋ ಉಂಟು ಅಂತ ಗೊತ್ತಾದ ಮೇಲೆ ನಮ್ಮವರು ಕೈಕಟ್ಟಿ ನಿಲ್ಲುವುದು ಬಿಟ್ಟರು.

ದೊಡ್ಡ ಮಟ್ಟದಲ್ಲಿ ನೋಡಬೇಕಾದರೆ ಅಡಿಕೆ ಬೆಳೆಗಾರರ ಸಹಕಾರಿ ಕ್ಯಾಂಪ್ಕೋ ನೋಡಿ. 1970ರ ಹೊತ್ತಿಗೆ ಅಡಿಕೆ ಧಾರಣೆ ಕುಸಿದು ಬೆಳೆಗಾರರು ಕಂಗಾಲಾಗಿದ್ದರು. ವಾರಣಾಸಿ ಸುಬ್ರಾಯ ಭಟ್ಟರು ಮುಂದೆ ನಿಂತು 1973ರಲ್ಲಿ ಮಂಗಳೂರಿನಲ್ಲಿ ಅದನ್ನು ಕಟ್ಟಿದರು. ಕರ್ನಾಟಕ, ಕೇರಳ ಎರಡೂ ರಾಜ್ಯದ ಬೆಳೆಗಾರರನ್ನು ಒಂದೇ ಸಹಕಾರಿಯೊಳಗೆ ತಂದದ್ದೇ ಅದರ ಬಲ. ಕಾಸರಗೋಡಿನ ಅಡಿಕೆಗೂ ಪುತ್ತೂರಿನ ಅಡಿಕೆಗೂ ವ್ಯಾಪಾರಿ ಬೇರೆ ಬೇರೆ ಆಟ ಆಡಲಿಕ್ಕೆ ಆಗಲಿಲ್ಲ. ಆಮೇಲೆ ಕೊಕ್ಕೋ ಬೆಳೆದವರಿಗೆ ಕೊಳ್ಳುವವರೇ ಇಲ್ಲದ ಕಾಲ ಬಂದಾಗ ಅದನ್ನೂ ಖರೀದಿಸಿ, 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ಶುರು ಮಾಡಿದರು. ಅಖಿಲ ಭಾರತ ಅಡಿಕೆ ಬೆಳೆಗಾರರ ಸಂಘದ ಒಳಗಿಂದಲೇ 1988ರಲ್ಲಿ ಪುತ್ತೂರಿನಲ್ಲಿ 'ಅಡಿಕೆ ಪತ್ರಿಕೆ' ಹುಟ್ಟಿತು, ಅದಕ್ಕೆ ಬರೆಯುವವರಲ್ಲಿ ಎಷ್ಟೋ ಜನ ಕೃಷಿಕರೇ. ಒಬ್ಬರ ತೋಟದ ಉಪಾಯ ಇನ್ನೊಂದು ತಾಲೂಕಿಗೆ ಹೋಗುವುದು ಹೀಗೆ.

ಇನ್ನು ಒಟ್ಟಿಗೆ ಮಾರುವ ವಿಷಯ. ಇದರಲ್ಲಿ ನಾವು ಒಮ್ಮೆ ಸರಿಯಾಗಿ ಪೆಟ್ಟು ತಿಂದಿದ್ದೇವೆ. ಎಲ್ಲರ ಚಾಲಿ (ಒಣಗಿಸಿ ಸುಲಿದ ಅಡಿಕೆ) ಒಟ್ಟು ಮಾಡಿ ಕಳಿಸಿದರೆ, ಯಾರೋ ಒಬ್ಬರು ಒಳ್ಳೆ ಅಡಿಕೆಯ ನಡುವೆ ಕರಿಗೋಟು, ಅಂದರೆ ಕಳಪೆ ಅಡಿಕೆ, ಸೇರಿಸಿದ್ದರು. ಕೊಳ್ಳುವವರು ಒಂದು ಚೀಲ ಬಿಚ್ಚಿ ನೋಡಿ ಪೂರ್ತಿ ಲಾಟಿಗೇ ರೇಟು ಇಳಿಸಿದರು. ಯಾರು ಅಂತ ಎಲ್ಲರಿಗೂ ಗೊತ್ತಿತ್ತು, ಹೇಳಿದವರಿಲ್ಲ, ಒಬ್ಬರಿಗೆ ಭಾವ, ಇನ್ನೊಬ್ಬರಿಗೆ ದೊಡ್ಡಪ್ಪನ ಮಗ, ಹೇಗೆ ಹೇಳುವುದು? ಕೊನೆಗೆ ಪಕ್ಕದ ಊರಿನ ಸಂಘದ ಜತೆ ಮಾತಾಡಿದೆವು. ಈಗ ನಮ್ಮ ಅಡಿಕೆಯನ್ನು ಅವರು ನೋಡಿ ವಿಂಗಡಿಸುತ್ತಾರೆ, ಅವರದ್ದನ್ನು ನಾವು. ದಾಕ್ಷಿಣ್ಯ ಇಲ್ಲ. ಮೊದಲ ವರ್ಷ ಜಗಳ ಆಯಿತು, ಇಬ್ಬರು ಸಂಘ ಬಿಟ್ಟರು. ಬಿಡಲಿ. ಉಳಿದವರ ಚೀಲವನ್ನು ಈಗ ಬಿಚ್ಚಿ ನೋಡುವುದೂ ಕಡಿಮೆಯಾಗಿದೆ.

ಸಂಘ ಬೇರೆಯವರ ಕೈಗೆ ಹೋಗುತ್ತದಾ ಅನ್ನುವ ನಿಮ್ಮ ಭಯ ಸುಮ್ನೆ ಅಲ್ಲ. ನಮ್ಮಲ್ಲಿಗೂ ಒಬ್ಬ ಮದ್ದಿನ ಅಂಗಡಿಯವರು ಬಂದು, ವರ್ಷದ ಸಭೆಯ ಊಟ ನನ್ನದು, ಅರ್ಧ ಗಂಟೆ ಮಾತಾಡಲಿಕ್ಕೆ ಬಿಡಿ ಅಂದಿದ್ದರು. ಬೇಡ ಅಂದೆವು. ಗಂಜಿ, ಉಪ್ಪಿನಕಾಯಿ, ಚಟ್ನಿಯಲ್ಲಿ ಸಭೆ ಮುಗಿಯಿತು. ಲೆಕ್ಕ ಪುಸ್ತಕ ಮತ್ತು ತೀರ್ಮಾನ ನಿಮ್ಮ ಹತ್ತಿರವೇ ಇರಲಿ. ಸಲಹೆ, ಯಂತ್ರ, ಮಾರುಕಟ್ಟೆ ಯಾರಿಂದ ಬಂದರೂ ತೆಗೆದುಕೊಳ್ಳಿ.

ನಿಮ್ಮ ಹತ್ತು ಜನರಲ್ಲಿ ತೋಟ ತಾಗಿಕೊಂಡಿರುವವರು ಎಷ್ಟು ಅಂತ ಮೊದಲು ನೋಡಿ. ಐದಿದ್ದರೂ ಸಾಕು, ಮೇ ತಿಂಗಳ ಮದ್ದಿನಿಂದ ಶುರು ಮಾಡಿ. ಮತ್ತೆ ಸುಣ್ಣ ಹೊಸದೇ ತನ್ನಿ.