ಸೆಕೆಂಡ್ ಗ್ರೇಡ್ ಮಕ್ಕಳ ಡಿಸೆಂಬರ್: ಓದುಗರ ಪ್ರಶ್ನೆ, ಟೀಚರ್ ಉತ್ತರ

ಚಳಿಗಾಲದ ರಜೆ ಹತ್ತಿರ ಬಂತು. ಅಮೆರಿಕದಲ್ಲಿರುವ ಓದುಗರು ಈ ಸಲ ಬರೆದ ಪತ್ರಗಳಲ್ಲಿ ಸೆಕೆಂಡ್ ಗ್ರೇಡ್ ಮಕ್ಕಳ ವಿಷಯವೇ ಜಾಸ್ತಿ. ನಾಲ್ಕು ಪತ್ರ ಇಲ್ಲಿ ತಗೊಂಡಿದ್ದೇನೆ.

ಪ್ರಶ್ನೆ: ಮೇಡಂ, ನನ್ನ ಮಗಳು ಸೆಕೆಂಡ್ ಗ್ರೇಡ್. ಡಿಸೆಂಬರ್ ಬಂದರೂ ಕ್ಲಾಸಿನಲ್ಲಿ ಇನ್ನೂ ಎರಡಂಕಿ ಲೆಕ್ಕವೇ ನಡೆಯುತ್ತಿದೆ. 47ಕ್ಕೆ 38 ಕೂಡಿಸೋಕೆ ಕಡ್ಡಿ ಗೀಚಿ, ಚುಕ್ಕೆ ಇಟ್ಟು ಅರ್ಧ ಪುಟ ತುಂಬಿಸುತ್ತಾಳೆ. ಅವರಪ್ಪ ‘ಕೈಯಲ್ಲಿ ಒಂದು’ ಅಂತ ನಮ್ಮ ಕ್ರಮ ಹೇಳಿಕೊಟ್ಟರು, ಉತ್ತರ ಸರಿಯಾಗಿಯೇ ಬಂತು. ಆದರೂ ‘ಹೇಗೆ ಮಾಡಿದೆ ಅಂತ ತೋರಿಸು’ ಅಂತ ಟೀಚರ್ ಬರೆದು ಕಳಿಸಿದ್ದಾರೆ. ಮಗ್ಗಿಯ ಸುದ್ದಿಯೇ ಇಲ್ಲ. ರಜೆಯಲ್ಲಿ ನಾವೇ ಮುಂದಿನದನ್ನು ಹೇಳಿಕೊಟ್ಟುಬಿಡೋಣವಾ?
(ಒಬ್ಬ ತಾಯಿ, ಕ್ಯಾಲಿಫೋರ್ನಿಯಾ)

ಉತ್ತರ: ನಿಮ್ಮ ಮಗಳು ಹಿಂದೆ ಬಿದ್ದಿಲ್ಲ, ಮೊದಲು ಆ ಆತಂಕ ಬಿಡಿ. ಕ್ಯಾಲಿಫೋರ್ನಿಯಾ 2010ರಲ್ಲಿ ಒಪ್ಪಿಕೊಂಡ ಕಾಮನ್ ಕೋರ್ (ಯಾವ ಗ್ರೇಡ್ ಮುಗಿಯುವಾಗ ಮಗುವಿಗೆ ಏನೇನು ಬರಬೇಕು ಅಂತ ಹೇಳುವ ಪಟ್ಟಿ) ಪ್ರಕಾರ ಸೆಕೆಂಡ್ ಗ್ರೇಡ್ ಮುಗಿಯುವ ಹೊತ್ತಿಗೆ ಮಗು 100ರ ಒಳಗಿನ ಸಂಖ್ಯೆಗಳನ್ನು ಸಲೀಸಾಗಿ ಕೂಡಬೇಕು, ಕಳೆಯಬೇಕು. 1000ದವರೆಗೆ ಬಿಡಿ, ಹತ್ತು, ನೂರು ಗೊತ್ತಿರಬೇಕು. ಅದು ವರ್ಷದ ಕೊನೆಗೆ. ಡಿಸೆಂಬರಿನಲ್ಲಿ ಎರಡಂಕಿ ಲೆಕ್ಕದಲ್ಲಿ ಇರುವುದು ಸರಿಯಾದ ಜಾಗದಲ್ಲೇ ಇರುವುದು.

ಆ ಕಡ್ಡಿ ಮತ್ತು ಚುಕ್ಕೆಯನ್ನು ಒಂದು ಸಲ ಅವಳ ಪಕ್ಕ ಕೂತು ನೋಡಿ. ಕಡ್ಡಿ ಅಂದರೆ ಹತ್ತು, ಚುಕ್ಕೆ ಅಂದರೆ ಒಂದು. 47ಕ್ಕೆ ನಾಲ್ಕು ಕಡ್ಡಿ, ಏಳು ಚುಕ್ಕೆ. 38ಕ್ಕೆ ಮೂರು ಕಡ್ಡಿ, ಎಂಟು ಚುಕ್ಕೆ. ಕಡ್ಡಿಗಳೆಲ್ಲ ಸೇರಿ 70, ಚುಕ್ಕೆಗಳೆಲ್ಲ ಸೇರಿ 15. ಆ ಹದಿನೈದರಲ್ಲಿ ಹತ್ತು ಚುಕ್ಕೆ ಸುತ್ತಿ ಒಂದು ಕಡ್ಡಿ ಮಾಡಿದರೆ 85 ಬಂತು. ನಿಮ್ಮ ಯಜಮಾನರು ಹೇಳುವ ‘ಕೈಯಲ್ಲಿ ಒಂದು’ ಇದೇ ಕಡ್ಡಿ. ಅದು ಒಂದಲ್ಲ, ಹತ್ತು ಅಂತ ಮಗುವಿಗೆ ಕಣ್ಣಿಗೆ ಕಾಣಲಿ ಅಂತ ಇಷ್ಟೆಲ್ಲ ಗೀಚಿಸುತ್ತಾರೆ. ಕೆಲವು ಮಕ್ಕಳು ಇನ್ನೊಂದು ದಾರಿ ಹಿಡಿಯುತ್ತಾರೆ. 47ರಿಂದ ಎರಡು ತೆಗೆದು 38ಕ್ಕೆ ಕೊಟ್ಟು, 45 ಮತ್ತು 40 ಮಾಡಿಕೊಂಡು ಬಾಯಲ್ಲೇ 85 ಅನ್ನುತ್ತಾರೆ. ಇದು ನನಗೆ ತುಂಬ ಇಷ್ಟ.

ಕಳೆಯುವ ಲೆಕ್ಕದಲ್ಲಿ ಇದರ ಬೆಲೆ ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. 52ರಲ್ಲಿ 27 ಕಳೆ ಅಂತ ಮೇಲೆ ಕೆಳಗೆ ಬರೆದುಕೊಟ್ಟರೆ, ಕ್ರಮ ಮಾತ್ರ ಬಾಯಿಪಾಠ ಮಾಡಿದ ಮಗು ಎಷ್ಟೋ ಸಲ 35 ಅಂತ ಬರೆಯುತ್ತದೆ. ಎರಡರಲ್ಲಿ ಏಳು ಹೋಗಲ್ಲ, ಸರಿ, ಏಳರಲ್ಲಿ ಎರಡು ಕಳೆದು 5 ಹಾಕಿಬಿಡುತ್ತದೆ. ಉತ್ತರ ತಪ್ಪು ಅನ್ನುವ ಅನುಮಾನವೂ ಅದಕ್ಕೆ ಬರಲ್ಲ. ಸಂಖ್ಯೆಯನ್ನು ಬಿಡಿಸಿ ನೋಡುವ ಅಭ್ಯಾಸ ಇರುವ ಮಗು 27ರಿಂದ 30ಕ್ಕೆ 3, ಅಲ್ಲಿಂದ 50ಕ್ಕೆ 20, ಆಮೇಲೆ 2, ಒಟ್ಟು 25 ಅಂತ ಹತ್ತಿಕೊಂಡು ಹೋಗುತ್ತದೆ. ಪಕ್ಕದಿಂದ ಸಾಲ ತಗೊಳ್ಳುವ ನಮ್ಮ ಹಳೆಯ ಕ್ರಮ ಕಾಮನ್ ಕೋರ್‌ನಲ್ಲಿ ಇಲ್ಲ ಅಂತಲ್ಲ, ಆದರೆ ಅದನ್ನು ಪೂರ್ತಿ ಕೈವಶ ಮಾಡಿಕೊಳ್ಳಬೇಕಾದದ್ದು ಫೋರ್ತ್ ಗ್ರೇಡ್‌ನಲ್ಲಿ. ಹಾಗಾಗಿ ಅವರಪ್ಪನಿಗೆ ಹೇಳಿ, ಇನ್ನೊಂದು ಸ್ವಲ್ಪ ದಿನ ತಡೆಯಲಿ. ಮನೆಯಲ್ಲಿ ಒಂದು ಕ್ರಮ, ಕ್ಲಾಸಿನಲ್ಲಿ ಒಂದು ಕ್ರಮ ಅಂತಾದರೆ ಒದ್ದಾಡುವುದು ಮಗು.

ಇನ್ನು ಮಗ್ಗಿ. ಒಂದಂಕಿ ಗುಣಾಕಾರ ಬಾಯಿಗೆ ಬರಬೇಕಾದದ್ದು ಥರ್ಡ್ ಗ್ರೇಡ್ ಕೊನೆಗೆ. ಈಗ ಅದರ ಬುಡ ಕಟ್ಟುತ್ತಿದ್ದಾರೆ. ಐದರ ತನಕ ಸಾಲು, ಸಾಲಿಗೆ ಐದರ ತನಕ ಚುಕ್ಕೆ ಜೋಡಿಸಿ, 4 ಮತ್ತೆ 4 ಮತ್ತೆ 4 ಅಂತ ಕೂಡಿಸುತ್ತಾರೆ. 20ರೊಳಗಿನ ಸಂಖ್ಯೆಗಳನ್ನು ಜೋಡಿ ಮಾಡಿ ಸಮ, ಬೆಸ ನೋಡುತ್ತಾರೆ. ಎರಡರ, ಐದರ, ಹತ್ತರ ಮಗ್ಗಿ ಮಗಳಿಗೆ ಹಾಡಿನ ಹಾಗೆ ಬರುತ್ತಿದ್ದರೆ ಬರಲಿ ಬಿಡಿ, ತಡೆಯಬೇಕಾಗಿಲ್ಲ. ಅಜ್ಜಿ ಹೇಳಿಕೊಟ್ಟರೆ ಇನ್ನೂ ಚೆನ್ನ.

ರಜೆಯಲ್ಲಿ ಒಂದೇ ಒಂದು ಮಾಡಿಸಿ ಅಂದರೆ ನಾನು ಇದನ್ನು ಹೇಳುತ್ತೇನೆ: 8 ಮತ್ತು 7, 9 ಮತ್ತು 6, ಈ ಥರದ ಒಂದಂಕಿ ಕೂಡುವ ಲೆಕ್ಕ ಬೆರಳು ಮಡಚದೆ ಬರಬೇಕು. ಸೆಕೆಂಡ್ ಗ್ರೇಡ್‌ನಲ್ಲಿ ನಿಜವಾಗಿ ಬಾಯಲ್ಲಿ ಇರಬೇಕಾದದ್ದು ಇದು. 8ಕ್ಕೆ 7ರಿಂದ ಎರಡು ಕೊಟ್ಟು ಹತ್ತು ಮಾಡು, ಉಳಿದ ಐದು ಸೇರಿಸು. ಎರಡು ದಾಳ ಹಾಕಿ ಆಡಿ, ಇಸ್ಪೀಟ್ ಎಲೆ ತಿರುಗಿಸಿ ಆಡಿ. ವರ್ಕ್‌ಶೀಟ್ ಬೇಡ. ಉತ್ತರ ಹೇಳಿದಾಗ ‘ಸರಿ’ ಅಂತ ಸುಮ್ಮನಾಗಬೇಡಿ, ‘ಹೇಗೆ ಮಾಡಿದೆ ಹೇಳು ಪುಟ್ಟಾ’ ಅಂತ ಕೇಳಿ. ಅವಳು ಕನ್ನಡದಲ್ಲಿ ಹೇಳಿದರೆ ಕನ್ನಡದಲ್ಲೇ ಕೇಳಿಸಿಕೊಳ್ಳಿ. ಲೆಕ್ಕದ ತಿಳುವಳಿಕೆಗೆ ಯಾವ ಭಾಷೆಯಾದರೂ ಆಗುತ್ತದೆ.

ಪ್ರಶ್ನೆ: ಕ್ಲಾಸ್ ಟೀಚರ್ ಮಗನ ಓದಿನ ವೇಗ ಅಳೆದು ನಿಮಿಷಕ್ಕೆ 62 ಪದ ಅಂತ ಹೇಳಿದರು. ಪಕ್ಕದ ಮನೆ ಹುಡುಗ 100 ದಾಟಿದ್ದಾನಂತೆ. ರಜೆಯಲ್ಲಿ ದಿನಾ ಟೈಮರ್ ಇಟ್ಟು ಓದಿಸಬೇಕಾ?
(ಒಬ್ಬ ತಂದೆ, ಮಿಷಿಗನ್)

ಉತ್ತರ: ಟೈಮರ್ ದಯವಿಟ್ಟು ಬೇಡ. ಇಲ್ಲಿನ ಶಾಲೆಗಳು ಸಾಮಾನ್ಯವಾಗಿ ಹೋಲಿಸಿ ನೋಡುವುದು ಹ್ಯಾಸ್‌ಬ್ರಕ್ ಮತ್ತು ಟಿಂಡಲ್ ಅನ್ನುವ ಸಂಶೋಧಕರು 2017ರಲ್ಲಿ ಕೊಟ್ಟ ಓದಿನ ವೇಗದ ಪಟ್ಟಿಯಂಥದ್ದರ ಜೊತೆ. ಅದರಲ್ಲಿ ಸೆಕೆಂಡ್ ಗ್ರೇಡ್‌ನ ನಡುಮಧ್ಯದ ವೇಗದ ಮಗು ವರ್ಷದ ಶುರುವಿಗೆ ನಿಮಿಷಕ್ಕೆ 50 ಪದ ಸರಿಯಾಗಿ ಓದುತ್ತದೆ, ಚಳಿಗಾಲಕ್ಕೆ 84, ಕೊನೆಗೆ 100. ಶುರುವಿನಿಂದ ಚಳಿಗಾಲದೊಳಗೆ ಎಷ್ಟು ದೊಡ್ಡ ನೆಗೆತ ನೋಡಿ. ಅದಕ್ಕೇ ಟೀಚರ್ ನಿಮ್ಮನ್ನು ಕೇಳಬೇಕಾದದ್ದಕ್ಕಿಂತ ನೀವು ಟೀಚರನ್ನು ಕೇಳಬೇಕಾದ ಒಂದು ಪ್ರಶ್ನೆ ಇದೆ: ಈ 62 ಯಾವಾಗ ಅಳೆದದ್ದು, ಶುರುವಿನಲ್ಲಿ ಎಷ್ಟಿತ್ತು? ಸೆಪ್ಟೆಂಬರಿನದ್ದಾದರೆ ಚೆನ್ನಾಗಿಯೇ ಇದೆ. ಈಗಿನದ್ದಾದರೆ ಸ್ವಲ್ಪ ಸಹಾಯ ಬೇಕು, ಗಾಬರಿ ಬೇಡ.

ಎಲ್ಲಿ ತೊಡರುತ್ತಾನೆ ಅನ್ನುವುದು ಸಂಖ್ಯೆಗಿಂತ ಮುಖ್ಯ. ಈ ತಿಂಗಳಲ್ಲಿ ಹೆಚ್ಚಿನ ಕ್ಲಾಸುಗಳಲ್ಲಿ ಎರಡು ಸ್ವರ ಸೇರಿ ಒಂದು ಸದ್ದು ಬರುವ ಪದಗಳು ನಡೆಯುತ್ತಿರುತ್ತವೆ, ರೈನ್, ಬೋಟ್, ಟೀಮ್ ಥರದ್ದು. ಜೊತೆಗೆ ಕೊನೆಯಲ್ಲಿ ಸದ್ದಿಲ್ಲದ ‘ಇ’ ಬರುವ ಪದಗಳೂ ತಿರುಗಿ ಬರುತ್ತವೆ. ಮಗ ಮೊದಲ ಅಕ್ಷರ ನೋಡಿ ಚಿತ್ರದ ಕಡೆ ಕಣ್ಣು ಹಾಯಿಸಿ ಅಂದಾಜಿನಲ್ಲಿ ಪದ ಹೇಳುತ್ತಿದ್ದರೆ ತೊಂದರೆ ಅಲ್ಲೇ ಇದೆ. ಆಗ ಪದದ ಕೆಳಗೆ ಬೆರಳಿಟ್ಟು, ಕೊನೆಯ ತನಕ ಸದ್ದು ಸೇರಿಸಿ ಓದಿಸಿ. ಒಂದೇ ಪುಟವನ್ನು ಇವತ್ತು, ನಾಳೆ, ನಾಡಿದ್ದು ಜೋರಾಗಿ ಓದಲಿ. ಮೊದಲು ನೀವು ಓದಿ, ಆಮೇಲೆ ಇಬ್ಬರೂ ಸೇರಿ, ಆಮೇಲೆ ಅವನೊಬ್ಬನೇ. ಮೂರನೇ ದಿನ ದನಿಯೇ ಬದಲಾಗಿರುತ್ತದೆ, ನಿಲ್ಲಿಸಬೇಕಾದಲ್ಲಿ ನಿಲ್ಲಿಸುತ್ತಾನೆ. ಓದಿದ ಮೇಲೆ ಕಥೆಯಲ್ಲಿ ಏನಾಯ್ತು, ಯಾಕಾಯ್ತು ಅಂತ ಕೇಳಿ. ಪಕ್ಕದ ಮನೆ ಹುಡುಗನಿಗೆ ನೂರು ಪದ ಓದಿದ ಮೇಲೆ ಅದನ್ನು ಹೇಳೋಕೆ ಬರುತ್ತದಾ ಅನ್ನುವುದು ನಮಗೆ ಗೊತ್ತಿಲ್ಲವಲ್ಲ.

ಪ್ರಶ್ನೆ: ಮೊಮ್ಮಗ ಅಡಿಗೆಮನೆಗೆ ಬಂದು ‘ಇದು ವಾಪಸ್ ಆಗುತ್ತಾ, ಆಗಲ್ವಾ’ ಅಂತ ಎಲ್ಲದಕ್ಕೂ ಕೇಳುತ್ತಾನೆ. ಏನಿದು?
(ಒಬ್ಬ ಅಜ್ಜಿ, ಇಲಿನಾಯ್)

ಉತ್ತರ: ಅಜ್ಜಿ, ಅದು ಅವನ ಸೈನ್ಸ್ ಪಾಠ! ಬಿಸಿ ಮಾಡಿದರೆ, ತಣ್ಣಗೆ ಮಾಡಿದರೆ ಆಗುವ ಬದಲಾವಣೆಗಳಲ್ಲಿ ಕೆಲವು ಹಿಂದಕ್ಕೆ ತಿರುಗುತ್ತವೆ, ಕೆಲವು ತಿರುಗಲ್ಲ ಅಂತ ಸೆಕೆಂಡ್ ಗ್ರೇಡ್‌ನಲ್ಲಿ ಕಲಿಯುತ್ತಾರೆ. ನೀವು ಬೆಣ್ಣೆ ಕರಗಿಸಿ ಅವನ ಮುಂದೆ ಇಡಿ, ಆರಿದ ಮೇಲೆ ಮತ್ತೆ ಗಟ್ಟಿ ಆಗುತ್ತದೆ. ನೀರು, ಐಸ್ ಕೂಡ ಹಾಗೇ. ಹಿಟ್ಟು ಕಲಸಿ ದೋಸೆ ಹುಯ್ದ ಮೇಲೆ ಅದನ್ನು ಮತ್ತೆ ಹಿಟ್ಟು ಮಾಡು ಅಂತ ಅವನಿಗೇ ಹೇಳಿ. ಉತ್ತರ ನೀವು ಹೇಳಬೇಡಿ. ಮೊದಲು ಅವನು ಊಹಿಸಲಿ, ಆಮೇಲೆ ನೋಡಲಿ. ಸಕ್ಕರೆ ಪಾಕದ ಹತ್ತಿರ ಮಾತ್ರ ಬಿಡಬೇಡಿ, ಸುಟ್ಟೀತು.

ಪ್ರಶ್ನೆ: ರಜೆಗೆ ಇನ್ನೂ ಎರಡು ವಾರ ಸೇರಿಸಿ ಮಗಳ ಜೊತೆ ಊರಿಗೆ ಹೋಗುತ್ತಿದ್ದೇವೆ. ಪಾಠ ತಪ್ಪುತ್ತದಾ?
(ಒಂದು ಕುಟುಂಬ, ನ್ಯೂಜೆರ್ಸಿ)

ಉತ್ತರ: ತಪ್ಪುತ್ತದೆ, ಆದರೆ ಸರಿಮಾಡಿಕೊಳ್ಳಬಹುದು. ಶಾಲೆಯ ಆಫೀಸಿಗೆ ಈಗಲೇ ಬರೆದು ತಿಳಿಸಿ. ವರ್ಷದಲ್ಲಿ ಶಾಲೆ ನಡೆಯುವ ದಿನಗಳಲ್ಲಿ ನೂರಕ್ಕೆ ಹತ್ತರಷ್ಟು ತಪ್ಪಿದರೆ ಅದನ್ನು ದೀರ್ಘ ಗೈರುಹಾಜರಿ ಅಂತ ಲೆಕ್ಕ ಹಿಡಿಯುತ್ತಾರೆ. 180 ದಿನದ ವರ್ಷದಲ್ಲಿ ಅದು 18 ದಿನ. ನಿಮ್ಮ ಎರಡು ವಾರದಲ್ಲೇ ಹತ್ತು ದಿನ ಹೋಗುತ್ತದೆ, ಆಮೇಲೆ ಜ್ವರ ಕೆಮ್ಮು ಅಂತ ಇದ್ದೇ ಇರುತ್ತದೆ. ವರ್ಷದ ಮಧ್ಯದ ಪರೀಕ್ಷೆ ಎಷ್ಟೋ ಶಾಲೆಗಳಲ್ಲಿ ಜನವರಿಯಲ್ಲೇ ಬರುತ್ತದೆ. ಅವಳದ್ದು ಯಾವಾಗ ಅಂತ ಟೀಚರನ್ನು ಕೇಳಿಕೊಂಡು ಹೊರಡಿ.

ಬ್ಯಾಗಿನಲ್ಲಿ ಪುಸ್ತಕದ ಹೊರೆ ಬೇಡ. ಒಂದು ಖಾಲಿ ನೋಟ್‌ಬುಕ್ ಸಾಕು. ಮುಳ್ಳಿರುವ ಗಡಿಯಾರ ನೋಡಿ ಐದು ನಿಮಿಷದ ಲೆಕ್ಕದಲ್ಲಿ ಟೈಮ್ ಹೇಳುವುದು ಅವಳ ಈ ವರ್ಷದ ಪಾಠ. ರೈಲು ಎಷ್ಟು ಗಂಟೆಗೆ ಹೊರಟಿತು, ಎಷ್ಟಕ್ಕೆ ಮುಟ್ಟಿತು ಅಂತ ಬರೆಯಲಿ. ದಿನಕ್ಕೆ ನಾಲ್ಕು ಸಾಲು, ಮೊದಲು ಏನಾಯ್ತು, ಆಮೇಲೆ ಏನಾಯ್ತು, ನನಗೆ ಹೇಗನ್ನಿಸಿತು ಅಂತ. ಕ್ಲಾಸಿನಲ್ಲಿ ತನ್ನ ಅನುಭವ ಬರೆಯುವಾಗ ಟೀಚರ್ ಕೇಳುವುದೂ ಇದನ್ನೇ. ವಾಪಸ್ ಬಂದ ದಿನ ಆ ನೋಟ್‌ಬುಕ್ ಅವಳೇ ಟೀಚರ್ ಕೈಗೆ ಕೊಡಲಿ.