ಪಿಎಚ್‌ಡಿ ಮುಗಿಯುವವರೆಗೆ ಗೆಳತಿಯರು ಕಾಯಬೇಕೇ?

ಪ್ರಶ್ನೆ: ನನಗೆ 27 ವರ್ಷ. ಬೆಂಗಳೂರಿನಲ್ಲಿ ಯುಜಿಸಿ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) ಫೆಲೋಶಿಪ್ ಪಡೆದು ರಸಾಯನಶಾಸ್ತ್ರದಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ಈಗ ಮೂರನೇ ವರ್ಷ. ವಾರದಲ್ಲಿ ಆರು ದಿನ ಲ್ಯಾಬ್, ಭಾನುವಾರ ಗೈಡ್‌ಗೆ ತೋರಿಸುವ ಸ್ಲೈಡ್. ಬಿಎಸ್ಸಿ ಗೆಳತಿಯರು ಕರೆದಾಗಲೆಲ್ಲ ‘ಆಗಲ್ಲ’ ಎಂದು ಹೇಳಿ ಹೇಳಿ, ಈಗ ಅವರು ಕರೆಯುವುದನ್ನೇ ಬಿಟ್ಟಿದ್ದಾರೆ. ಆಪ್ತ ಗೆಳತಿಯ ಮದುವೆಗೂ ಹೋಗಲಿಲ್ಲ. ಅಪರೂಪಕ್ಕೆ ಹೊರಗೆ ಹೋದರೂ ಲ್ಯಾಬಿನದೇ ಯೋಚನೆ. ಸರಿಯಾಗಿ ನಿದ್ದೆಯೂ ಇಲ್ಲ. ಹಾಸನದಲ್ಲಿರುವ ಅಮ್ಮ ‘ಇನ್ನೆಷ್ಟು ವರ್ಷ ಓದ್ತೀಯ?’ ಎನ್ನುತ್ತಾರೆ. ಥೀಸಿಸ್ ಕೊಡುವವರೆಗೆ ಗೆಳೆತನ, ಓಡಾಟ ಎಲ್ಲ ಬದಿಗಿಡಲೇ?
– ಹೆಸರು ಬೇಡ

ಉತ್ತರ: ಬದಿಗಿಡಬೇಡಿ. ಮೂರು ತಿಂಗಳ ಪರೀಕ್ಷೆಯಾಗಿದ್ದರೆ ನಾನೂ ಹೂಂ ಎನ್ನುತ್ತಿದ್ದೆ. ಯುಜಿಸಿಯ 2022ರ ನಿಯಮದ ಪ್ರಕಾರ ಪಿಎಚ್‌ಡಿಗೆ ಕನಿಷ್ಠ 3 ವರ್ಷ, ಗರಿಷ್ಠ 6 ವರ್ಷ. ಬೇಕಿದ್ದರೆ ಅದರ ಮೇಲೂ ವಿಸ್ತರಣೆ ಇದೆ. ಅಷ್ಟು ಕಾಲ ಆಪ್ತರಿಲ್ಲದೆ ಇರಲು ಯಾರಿಗೂ ಆಗದು.

ಹೊರಗೆ ಹೋದಾಗಲೂ ಲ್ಯಾಬ್ ತಲೆಯಲ್ಲೇ ಇರುತ್ತದೆ ಎಂದಿದ್ದೀರಲ್ಲ, ನನ್ನನ್ನು ಹೆಚ್ಚು ಕಾಡಿದ್ದು ಆ ಮಾತು. ಸಂಶೋಧನೆಯಲ್ಲಿ ‘ಇವತ್ತಿಗೆ ಮುಗಿಯಿತು’ ಎಂದು ಗಂಟೆ ಹೊಡೆಯುವವರಿಲ್ಲ. ಇನ್ನೊಂದು ಪೇಪರ್ ಓದಬಹುದಿತ್ತು, ಇನ್ನೊಂದು ರಿಯಾಕ್ಷನ್ ಇಡಬಹುದಿತ್ತು ಅನ್ನಿಸುತ್ತಲೇ ಇರುತ್ತದೆ. ಆ ಗಂಟೆಯನ್ನು ನೀವೇ ಹೊಡೆಯಬೇಕು.

ಶನಿವಾರದಿಂದ ಶುರು ಮಾಡಿ. ಮಧ್ಯಾಹ್ನ ಮೂರಕ್ಕೆ ಮಿಶ್ರಣದಲ್ಲಿರುವುದನ್ನು ಬೇರ್ಪಡಿಸಲು ಕಾಲಂ ಹಾಕಿದರೆ ಸಂಜೆ ಹೋಯಿತು ಅಂತಲೇ ಲೆಕ್ಕ, ಅಲ್ವಾ? ಬೇರ್ಪಟ್ಟು ಇಳಿಯುವ ಫ್ರ್ಯಾಕ್ಷನ್ ಹಿಡಿಯುತ್ತಾ, ಅದರಲ್ಲೇನಿದೆ ಎಂದು ಟಿಎಲ್‌ಸಿ ಪರೀಕ್ಷೆಯಲ್ಲಿ ನೋಡುತ್ತಾ ರಾತ್ರಿಯಾಗುತ್ತದೆ. ಅಂಥ ಕೆಲಸ ವಾರದ ನಡುವೆ ಇರಲಿ. ಅಣುವಿನ ರಚನೆ ತಿಳಿಸುವ ಎನ್‌ಎಂಆರ್ ಡೇಟಾ ನೋಡುವುದು, ನೋಟ್‌ಬುಕ್ ಬರೆಯುವುದು ಶನಿವಾರಕ್ಕಿರಲಿ. ಅವನ್ನು ಬೇಕೆಂದಾಗ ನಿಲ್ಲಿಸಬಹುದು. ರಿಸಲ್ಟ್ ಬಂದ ದಿನವೇ ಸ್ಲೈಡಿಗೆ ಹಾಕಿಬಿಟ್ಟರೆ ಭಾನುವಾರ ಪೂರ್ತಿ ಅದಕ್ಕೇ ಹೋಗುವುದಿಲ್ಲ.

ನಿಮಗೆ ರಜೆಯೂ ಇದೆ. ಸಾರ್ವಜನಿಕ ರಜೆಗಳನ್ನು ಬಿಟ್ಟು ವರ್ಷಕ್ಕೆ 30 ದಿನದವರೆಗೆ ರಜೆ ಪಡೆಯಲು ನಿಮ್ಮ ಫೆಲೋಶಿಪ್‌ನಲ್ಲಿ ಅವಕಾಶವಿದೆ. ವಿಭಾಗದ ಒಪ್ಪಿಗೆ ಬೇಕು, ಅಷ್ಟೇ. ಎಷ್ಟೋ ವಿದ್ಯಾರ್ಥಿಗಳು ಗೈಡ್ ಏನಂದುಕೊಳ್ಳುತ್ತಾರೋ ಎಂದು ಕೇಳುವುದೇ ಇಲ್ಲ. ಕೇಳಿ. ಹಿಂದಿನ ದಿನ ಸಂಜೆ ಹೋಗಿ ನಿಲ್ಲಬೇಡಿ, ತಿಂಗಳ ಮೊದಲೇ ತಾರೀಖು ತಿಳಿಸಿ.

ಇನ್ನು ಗೆಳತಿಯರು. ಎಲ್ಲರ ಜೊತೆಗೂ ಕಾಲೇಜಿನ ದಿನಗಳಂತೆ ಇರಲು ಈಗ ಆಗುವುದಿಲ್ಲ. ಇದು ಬೇಸರದ ಮಾತೇ, ಆದರೂ ನಿಜ. ಮೂರ್ನಾಲ್ಕು ಜನರನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ‘ಆಗಲ್ಲ’ ಎನ್ನುವಾಗ ಆಗುವ ದಿನವನ್ನೂ ಹೇಳಿ: ‘ಈ ವಾರ ಆಗಲ್ಲ ಕಣೇ, ಮುಂದಿನ ಶನಿವಾರ ಸಂಜೆ ಖಂಡಿತ ಬರ್ತೀನಿ.’ ಈಗ ಅವರು ಕರೆಯುತ್ತಿಲ್ಲವಾದ್ದರಿಂದ ಮೊದಲ ಕರೆ ನಿಮ್ಮಿಂದಲೇ ಹೋಗಲಿ. ದುಬಾರಿ ಹೋಟೆಲೇ ಆಗಬೇಕೆಂದಿಲ್ಲ, ಕಬ್ಬನ್ ಪಾರ್ಕಿನಲ್ಲಿ ಸುಮ್ನೆ ಒಂದು ಸುತ್ತು ಹಾಕಿದರೂ ಮಾತು ಹೊರಗೆ ಬರುತ್ತದೆ.

ಮದುವೆಯಾದ ಗೆಳತಿಗೆ ಮೆಸೇಜ್ ಕಳಿಸಬೇಡಿ. ಫೋನ್ ಮಾಡಿ, ಅವಳ ಮನೆಗೇ ಹೋಗಿ. ಲ್ಯಾಬಿನ ಕಥೆ ಹೇಳಿ ಸಮರ್ಥಿಸಿಕೊಳ್ಳಲು ಹೋಗದೆ ‘ಬರಬೇಕಿತ್ತು, ಬರಲಿಲ್ಲ, ತಪ್ಪಾಯಿತು’ ಎನ್ನಿ. ಅವಳು ಸಿಟ್ಟು ಮಾಡಿಕೊಂಡರೆ ಕೇಳಿಸಿಕೊಳ್ಳಿ. ಆ ಸಿಟ್ಟಿಗೆ ಅವಳಿಗೆ ಹಕ್ಕಿದೆ.

ಅಮ್ಮನಿಗೆ ನಿಮ್ಮ ಓದು ಎಲ್ಲಿಗೆ ಬಂದಿದೆ ಎಂಬುದು ತಿಳಿದಿರಲಿಕ್ಕಿಲ್ಲ. ಕೋರ್ಸ್‌ವರ್ಕ್ ಮುಗಿದಿದೆ, ಇಷ್ಟು ಕೆಲಸ ಬಾಕಿ, ಅಂದಾಜು ಇಂಥ ವರ್ಷ ಥೀಸಿಸ್ ಕೊಡ್ತೀನಿ ಎಂದು ಬಿಡಿಸಿ ಹೇಳಿ. ತಿಂಗಳಿಗೊಮ್ಮೆ ಊರಿಗೆ ಹೋಗಿಬನ್ನಿ, ಲ್ಯಾಪ್‌ಟಾಪ್ ಹಾಸ್ಟೆಲಿನಲ್ಲೇ ಇರಲಿ.

ನಿದ್ದೆಯ ವಿಷಯವನ್ನು ಮಾತ್ರ ಮುಂದೂಡಬೇಡಿ. ಇನ್ನೆರಡು ವಾರದಲ್ಲಿ ಸರಿಹೋಗದಿದ್ದರೆ ಕ್ಯಾಂಪಸ್ಸಿನ ಆಪ್ತಸಮಾಲೋಚಕರನ್ನೋ ವೈದ್ಯರನ್ನೋ ನೋಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಕೂಡ ಇದೆ, ಸಂಖ್ಯೆ 14416. ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು, ಹಣ ಕೊಡಬೇಕಿಲ್ಲ.