ಅಪ್ಪನ ಮಾತೆತ್ತುವುದು ತಪ್ಪೇ?

ಮದ್ದೂರು ತಾಲ್ಲೂಕಿನ ಓದುಗರೊಬ್ಬರ ಪತ್ರ: "ಎಂಟು ವರ್ಷದ ಹಿಂದೆ ಗದ್ದೆ ಬದುವಿನ ಜಗಳದಲ್ಲಿ ನಮ್ಮಪ್ಪನನ್ನು ಮಚ್ಚಿನಿಂದ ಕಡಿದು ಕೊಂದರು. ಪಿತೃಪಕ್ಷಕ್ಕೆ ಎಡೆ ಇಡುತ್ತೇವೆ. ಅವರ ಮಾತೆತ್ತಿದರೆ ಮಾತ್ರ ಮನೆಯವರು 'ಮರೆತುಬಿಡು' ಎನ್ನುತ್ತಾರೆ. ಆಲೆಮನೆಯಲ್ಲಿ ಪಾಕ ನೋಡುತ್ತಿದ್ದ ಅಪ್ಪನಿಗಿಂತ ಮೊದಲು ಆ ಬದುವೇ ಕಣ್ಣಿಗೆ ಕಟ್ಟುತ್ತದೆ. ನನ್ನದು ತಪ್ಪೇ?"

ಸಂಪಾದಕರ ಉತ್ತರ: ಖಂಡಿತ ತಪ್ಪಲ್ಲ, ತಾಯಿ. ನಿಮ್ಮ ಮನೆಯವರು ಹಾಗೆನ್ನುವುದು ಅಕ್ಕರೆಯಿಂದಲೇ ಎಂಬುದನ್ನು ಒಪ್ಪುತ್ತೇನೆ. ಆದರೆ ಎಡೆಯಲ್ಲಿ ಅನ್ನಕ್ಕೆ ಜಾಗವಿದ್ದು ಆಡುವ ಮಾತಿಗೆ ಜಾಗವಿಲ್ಲದಿದ್ದರೆ ಹಿರಿಯರನ್ನು ಕರೆದಂತಾಗುವುದಾದರೂ ಹೇಗೆ? ತಕ್ಷಕನಿಂದ ತಂದೆ ಪರೀಕ್ಷಿತನನ್ನು ಕಳೆದುಕೊಂಡ ಜನಮೇಜಯ ಸರ್ಪಕುಲವನ್ನೇ ಸುಡಲು ಯಾಗಕ್ಕೆ ಕುಳಿತಿದ್ದಾಗ, ವ್ಯಾಸರ ಶಿಷ್ಯ ವೈಶಂಪಾಯನರು ಅವನಿಗೆ ಮರೆತುಬಿಡು ಎನ್ನಲಿಲ್ಲ. ಅವನ ವಂಶದ ಕಥೆಯನ್ನೆಲ್ಲ ಹೇಳಿದರು. ನಮ್ಮ ಮಹಾಭಾರತವನ್ನು ಅಂದು ಹೇಳಿದ್ದೇ ತಂದೆ ಸತ್ತ ಮಗನೊಬ್ಬನ ಕಿವಿಗಾಗಿ.

ಮೈಸೂರಿನ ಅಗ್ರಹಾರದಲ್ಲಿ ನಮ್ಮ ಬೀದಿಯ ದಿನಸಿ ಅಂಗಡಿಯವರನ್ನು ಕಳ್ಳರು ಕೊಂದಾಗ ಅವರ ಮಗನಿಗೆ ಹತ್ತೊಂಬತ್ತು ವರ್ಷ. ಎಲ್ಲರೂ ಅವನಲ್ಲಿ ಕೊಲೆಯ ವಿವರವನ್ನೇ ಕೇಳುತ್ತಿದ್ದರು. ನನ್ನ ತಾಯಿ ಮಾತ್ರ, ನಿಮ್ಮಪ್ಪ ಬೆಲ್ಲದ ಪೊಟ್ಟಣಕ್ಕೆ ದಾರ ಸುತ್ತುತ್ತಿದ್ದುದು ಹೇಗಪ್ಪ ಎಂದು ಕೇಳಿದರು. ಅವನು ಗಾಳಿಯಲ್ಲೇ ಮೂರು ಸುತ್ತು ಸುತ್ತಿ, ಹಲ್ಲಿನಿಂದ ದಾರ ಕಡಿದು ತೋರಿಸಿದ, ಆಮೇಲೆ ಅತ್ತ.

ಪತ್ರಿಕೆಗಳಾದ ನಾವೂ ತಪ್ಪಿತಸ್ಥರೇ. ಸತ್ತ ಬಗೆಯನ್ನು ಅಚ್ಚು ಹಾಕುತ್ತೇವೆ, ಬದುಕಿದ ಬಗೆಯನ್ನು ಕೇಳುವುದಿಲ್ಲ. ನ್ಯಾಯಾಲಯದ ಅಂಗಳದಲ್ಲೂ ಮಕ್ಕಳು ಬರೀ ಸಾಕ್ಷಿಗಳಾಗಿ ನಿಂತು, ವಾಯಿದೆಯ ಮೇಲೆ ವಾಯಿದೆ ಪಡೆದು ಊರಿನ ಬಸ್ಸು ಹತ್ತುತ್ತಾರೆ. ಅಪರಾಧ ವಿಚಾರಣೆಯ ಕಾನೂನಿಗೆ 2009ರಲ್ಲಿ ಬಂದ ತಿದ್ದುಪಡಿಯಿಂದೀಚೆಗೆ ಕೊಲೆಯಾದವರ ವಾರಸುದಾರರೂ ಕಾನೂನಿನ ಕಣ್ಣಿನಲ್ಲಿ ಸಂತ್ರಸ್ತರೇ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಪರಿಹಾರ ಕೇಳುವ ದಾರಿಯೂ ಇದೆ. ಇದನ್ನು ಅವರಿಗೆ ಹೇಳುವವರು ಎಷ್ಟು ಮಂದಿ?

ಒಂದು ವಿಷಯದಲ್ಲಿ ನಿಮ್ಮನ್ನು ಗದರುತ್ತೇನೆ. ಎಂಟು ವರ್ಷ ಈ ನೋವನ್ನು ಒಬ್ಬರೇ ಹೊತ್ತುಕೊಳ್ಳಬಾರದಿತ್ತು. ಆ ಬದು ನಿದ್ದೆಗೆಡಿಸುವ ರಾತ್ರಿಗಳಲ್ಲಿ 14416ಕ್ಕೆ ಕರೆ ಮಾಡಿ. ಅದು ಮಾನಸಿಕ ಆರೋಗ್ಯಕ್ಕಾಗಿ ಇರುವ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ಕನ್ನಡದಲ್ಲೇ ಮಾತಾಡುತ್ತಾರೆ, ಹಣ ಕೊಡಬೇಕಿಲ್ಲ.

ಈ ಸಲ ಎಡೆಯ ಮುಂದೆ ಮಕ್ಕಳನ್ನು ಕೂರಿಸಿಕೊಂಡು, ಅವರ ತಾತ ಕೊಪ್ಪರಿಗೆಯ ಪಾಕದ ಒಂದು ತೊಟ್ಟನ್ನು ನೀರಿಗೆ ಬಿಟ್ಟು ಬೆರಳಲ್ಲಿ ಹೇಗೆ ಉರುಳಿಸಿ ನೋಡುತ್ತಿದ್ದರು ಎಂದು ಮಾಡಿ ತೋರಿಸಿ. ಆಮೇಲೆ ಅದನ್ನೇ ಬರೆದು ನಮಗೆ ಕಳುಹಿಸಿ. ಒಂದು ಸಾಲನ್ನೂ ಕತ್ತರಿಸದೆ ಅಚ್ಚು ಹಾಕುತ್ತೇವೆ.